ಅಣ್ಣನ ಹೆಸರಿನ ಮುಂದೆ ಎರಡಕ್ಷರ

"ಬರ್ಮಾದಲ್ಲಿ ವಿಮಾನದ ಎಡಗಡೆ ರೆಕ್ಕೆ ಮುರಿದೋಯ್ತು ಕಣ್ಲಾ. ಆಗ ನಮ್ಮಣ್ಣ ಏನ್ಮಾಡ್ದ ಗೊತ್ತಾ? ತನ್ನ ಎಡಗೈ ಈಚೆಗೆ ಚಾಚ್ದ. ಅದನ್ನೇ ರೆಕ್ಕೆ ಮಾಡ್ಕಂಡು ಮಂಡ್ಯದಗಂಟ ಹಾರಿಸ್ಕಂಡು ಬಂದ. ನಡುವೆ ಹಸಿವಾಯ್ತು ಅಂತ ಮದ್ದೂರು ಸ್ಟೇಷನ್ ಮ್ಯಾಲೆ ಬಗ್ಗಿ, ಬಲಗೈಲಿ ನಾಕು ವಡೆ ಎತ್ಕಂಡ!"

ಪುಟ್ಟಿ, ಅಂದರೆ ಪುಟ್ಟಮಾದಮ್ಮ, ಕ್ಲಾಸಿನ ಬೆಂಚಿನ ಮೇಲೆ ನಿಂತು ಎರಡೂ ಕೈ ಚಾಚಿ ತೋರಿಸಿದಳು.

"ಎಡಗೈಲಿ ರೆಕ್ಕೆ, ಬಲಗೈಲಿ ವಡೆ. ಸರಿ. ಮತ್ತೆ ವಿಮಾನ ಹಿಡ್ಕಂಡಿದ್ದು ಯಾತರಲ್ಲಿ?" ಅಂದ ಚಿಕ್ಕಬೋರ.

"ಹಲ್ಲಲ್ಲಿ!"

ಪುಟ್ಟಿಯ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಲೆಕ್ಕದ ಮೇಷ್ಟ್ರು. ಪುಟ್ಟಿ ಬೆಂಚಿನಿಂದ ಧುಮುಕಿದಳು.

"ನಿಮ್ಮಣ್ಣ ಎಷ್ಟು ಓದಿದಾನಮ್ಮ?" ಅಂದರು ಮೇಷ್ಟ್ರು.

"ಎಸ್ಸೆಲ್ಸಿ ಪಾಸು ಸಾರ್. ಈಗ ವಿಮಾನದ ಕಂಪ್ನಿಗೆ ಅರ್ಜಿ ಹಾಕ್ತಾವ್ನೆ. ಪೈಲಟ್ ಆಯ್ತಾನೆ."

"ಬಿ.ಎ. ಆಗದವನ ಕೈಗೆ ಯಾರಾದರೂ ವಿಮಾನ ಕೊಡ್ತಾರೇನಮ್ಮ? ಎಸ್ಸೆಲ್ಸಿಗೆ ಎತ್ತಿನಗಾಡಿ ಕೊಟ್ಟಾರು. ಅದೂ ಎತ್ತು ಸಾಧುವಾಗಿದ್ದರೆ!"

ಕ್ಲಾಸಿನಲ್ಲಿದ್ದ ಸಾವಿರ ಜನರೂ ನಕ್ಕರು. ಆ ನಗುವಿಗೆ ಹಂಚು ಹಾರಿಹೋಯಿತು, ಮಳವಳ್ಳಿಯಲ್ಲಿ ಮಲಗಿದ್ದ ಮಗು ಎದ್ದು ಅತ್ತಿತು. ಪುಟ್ಟಿಗೆ ಬಂದ ಕೋಪಕ್ಕೆ, ಅವಳ ನೆತ್ತಿಯ ಮೇಲೆ ರಾಗಿರೊಟ್ಟಿ ತಟ್ಟಿದ್ದರೆ ಎರಡೂ ಕಡೆ ಬೆಂದು ಸೀದುಹೋಗುತ್ತಿತ್ತು.

ಪುಟ್ಟಿಯ ಅಣ್ಣ ಕೆಂಪಸಿದ್ದಯ್ಯ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಪಡೆ ಸೇರಿದ್ದ. ಅಲ್ಲಿ ಅವನದು ಎಂಜಿನ್ ರಿಪೇರಿ ಕೆಲಸ. ಯುದ್ಧ ಮುಗಿದ ಮೇಲೆ ಮಂಡ್ಯದ ಗುತ್ತಲಿನ ಮನೆಗೆ ವಾಪಸು ಬಂದು, ಬಸ್ ರಿಪೇರಿ ಶೆಡ್ಡಿನಲ್ಲಿ ಶಫೀವುಲ್ಲಾನ ಜೊತೆ ದುಡಿಯುತ್ತಿದ್ದ. ಇಬ್ಬರೂ ಚಡ್ಡಿ ಹಾಕುವುದಕ್ಕೆ ಮುಂಚಿನಿಂದ ಗೆಳೆಯರು.

ಹೋದ ವಾರ ಶಫೀವುಲ್ಲಾ ಒಂದು ಪೇಪರು ಹಿಡಿದುಕೊಂಡು ಓಡಿ ಬಂದಿದ್ದ. ಹೊಸದಾಗಿ ಶುರುವಾದ ವಿಮಾನ ಕಂಪನಿಗೆ ಜನ ಬೇಕಂತೆ. ಎಸ್ಸೆಲ್ಸಿ ಪಾಸಾಗಿರಬೇಕು, ಎಂಜಿನ್ ಕೆಲಸ ಗೊತ್ತಿರಬೇಕು, ಕಣ್ಣು ಚೆನ್ನಾಗಿರಬೇಕು. ಹಾರಿಸುವುದನ್ನು ಕಂಪನಿಯೇ ಕಲಿಸುತ್ತದಂತೆ. ಶಫೀವುಲ್ಲಾನ ಇಂಗ್ಲಿಷ್ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅವನೇ ತನ್ನ ಪೆನ್ನಿನಲ್ಲಿ ಅರ್ಜಿ ತುಂಬಿದ. ಕೆಂಪಸಿದ್ದಯ್ಯ ಸಹಿ ಹಾಕಿದ.

ಪುಟ್ಟಿ ಸ್ಕೂಲಿನಿಂದ ಬುಸುಗುಡುತ್ತಾ ಬಂದಾಗ ಆ ಅರ್ಜಿ ಕವರಿನೊಳಗೆ ಕೂತಿತ್ತು.

"ಅಮ್ಮಿ, ಓಡೋಗಿ ಇದನ್ನ ಪೋಸ್ಟಿಗೆ ಹಾಕ್ಬುಟ್ಟು ಬಾ," ಅಂದ ಕೆಂಪಸಿದ್ದಯ್ಯ. "ಅಂಟು ಅಲ್ಲೇ ಮಡಗಿರ್ತಾರೆ. ಹಚ್ಚಿ ಮುಚ್ಚು. ಸಂಜೆ ರೈಲಿಗೇ ಓಗ್ಬೇಕು."

"ಅಣ್ಣ, ಪೈಲಟ್ ಆಗಕ್ಕೆ ಬಿ.ಎ. ಬ್ಯಾಡ್ವಾ?"

"ಬ್ಯಾಡ ಕಣಮ್ಮಿ. ಎಸ್ಸೆಲ್ಸಿ ಸಾಕು ಅಂತ ಅಚ್ಚಾಕವ್ರೆ."

"ಮೇಷ್ಟ್ರು ಬೇಕು ಅಂದ್ರು."

"ವಿಮಾನ ಮೇಷ್ಟ್ರುದಾ, ಕಂಪ್ನೀದಾ? ಓಗು ಮೊದ್ಲು!"

ಪುಟ್ಟಿ ಹೊರಟಳು. ದಾರಿಯಲ್ಲಿ ಲಾಯರ ಮನೆ. ಗೇಟಿಗೆ ಕರಿ ಬೋರ್ಡು. ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಲಾಯರ ಹೆಸರು. ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಬಿ.ಎ., ಬಿ.ಎಲ್. ಗೇಟಿನ ಹತ್ತಿರ ಐದಾರು ಜನ ರೈತರು ಕಾಯುತ್ತಿದ್ದರು. ಲಾಯರು ಇನ್ನೂ ಈಚೆಗೆ ಬಂದಿರಲಿಲ್ಲ. ಆದರೂ ಅವರೆಲ್ಲ ಬೋರ್ಡಿನ ಮುಂದೆಯೇ ಚಪ್ಪಲಿ ಬಿಟ್ಟು, ಟವೆಲನ್ನು ಹೆಗಲಿಂದ ಕಂಕುಳಿಗೆ ಇಳಿಸಿಕೊಂಡು ನಿಂತಿದ್ದರು.

ಮಂಡ್ಯದಲ್ಲಿ ಹಾಗೆಯೇ. ಬಿ.ಎ. ಪಾಸಾದವರು ಅದನ್ನು ಹೆಸರಿಗೆ ಕಟ್ಟಿಕೊಂಡೇ ಓಡಾಡುತ್ತಿದ್ದರು. ಮೇಷ್ಟ್ರ ಮನೆ ಬಾಗಿಲಲ್ಲಿ ಬಿ.ಎ., ಮದುವೆ ಕಾಗದದಲ್ಲಿ ಬಿ.ಎ., ಕೊಡೆಯ ಹಿಡಿಯ ಮೇಲೂ ಬಿ.ಎ.

ಪುಟ್ಟಿ ಕವರಿನಿಂದ ಅರ್ಜಿ ತೆಗೆದು ನೋಡಿದಳು. ಅಣ್ಣನ ಹೆಸರು ಒಂದೇ ಒಂದು, ಬೋಳಾಗಿ ಕೂತಿತ್ತು. ಅದರ ಮುಂದೆ ಬೇಕಾದಷ್ಟು ಜಾಗ ಇತ್ತು.

"ಬ್ಯಾಡ," ಅಂದುಕೊಂಡು ಮತ್ತೆ ಮಡಿಸಿದಳು.

ಅಷ್ಟರಲ್ಲಿ ರಸ್ತೆಯ ಆಚೆಯಿಂದ ಚಿಕ್ಕಬೋರ ಕೂಗಿದ. "ಹೋಯ್! ಪೈಲಟ್ ತಂಗಿ ಬಂದ್ಲು! ದಾರಿ ಬುಡ್ರಪ್ಪೋ, ವಿಮಾನಕ್ಕೆ ಎತ್ತು ಕಟ್ಬೇಕಂತೆ!" ಹಾಗೆ ಕೂಗಿ, ಬಾಯಲ್ಲಿ ಎತ್ತು ಹೊಡೆಯುವ ಸದ್ದು ಮಾಡುತ್ತಾ ಓಡಿದ.

ಪುಟ್ಟಿಯ ಕಿವಿ ಎರಡೂ ಧಗಧಗ ಉರಿದವು. ಲಂಗದ ಜೇಬಿನಲ್ಲಿ ಒಂದು ಮೋಟು ಪೆನ್ಸಿಲ್ ಇತ್ತು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಗುಮಾಸ್ತರು ಎಸೆದದ್ದು. ನಾಲಿಗೆಗೆ ತಾಕಿಸಿ ಬರೆದರೆ ಶಾಯಿಯ ಹಾಗೆ ನೇರಳೆ ಬಣ್ಣ ಬರುತ್ತಿತ್ತು.

ಲಾಯರ ಬೋರ್ಡು ನೋಡಿ ನೋಡಿ ಅವಳು ಬರೆದಳು. ಒಂದು ಬಿ, ಒಂದು ಎ, ಎರಡು ಚುಕ್ಕಿ. ಜನ ವರ್ಷಗಟ್ಟಲೆ ಓದುವ ಬಿ.ಎ.ಯನ್ನು ಪುಟ್ಟಿ ಅರ್ಧ ನಿಮಿಷದಲ್ಲಿ ಮುಗಿಸಿಬಿಟ್ಟಳು.

ಆಮೇಲೆ ಪೋಸ್ಟಾಫೀಸಿಗೆ ಹೋಗಿ, ಕವರಿಗೆ ಅಂಟು ಹಚ್ಚಿ, ಡಬ್ಬಕ್ಕೆ ಹಾಕಿದಳು.

ಹದಿನೈದು ದಿನಕ್ಕೆ ಕಾಗದ ಬಂತು. ಬೆಂಗಳೂರಿಗೆ ಬಾ, ನೋಡಬೇಕು ಅಂತ. ಅವ್ವ ಮಹದೇವಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಶಫೀವುಲ್ಲಾ ತನ್ನ ಮದುವೆ ಕೋಟು ತಂದು ಕೆಂಪಸಿದ್ದಯ್ಯನಿಗೆ ತೊಡಿಸಿದ. ತೋಳು ಗಿಡ್ಡವಾಯಿತು. "ಕೈ ಮಡಿಚ್ಕಂಡು ಕೂತ್ಕೊ, ಗೊತ್ತಾಗಲ್ಲ," ಅಂದ.

ಪುಟ್ಟಿ ಬೀದಿಗೆಲ್ಲ ಸಾರಿದಳು. "ನಮ್ಮಣ್ಣ ನಾಳೆ ವಿಮಾನದಲ್ಲೇ ಬತ್ತಾನೆ. ನಮ್ಮ ಹಿತ್ತಲಲ್ಲೇ ಇಳಿಸ್ತಾನೆ. ಕೋಳಿ ಕಟ್ಟಾಕ್ಕಳಿ!"

ಕೆಂಪಸಿದ್ದಯ್ಯ ರೈಲಿನಲ್ಲೇ ಬಂದ. ಕೋಟು ತೆಗೆದು ಮೂಲೆಗೆಸೆದ. ಅವ್ವ ಇಟ್ಟ ಮುದ್ದೆ ಹಾಗೇ ಆರಿತು. "ಯಾಕ್ಲಾ ಮಗಾ, ಏನಾಯ್ತು?" ಅಂದರೆ, "ಯಾವನೋ ನನ್ನ ಹಾಳ್ಮಾಡ್ದ ಕಣವ್ವಾ," ಅಂದು ಗೋಡೆ ಕಡೆ ತಿರುಗಿ ಮಲಗಿದ.

ಪುಟ್ಟಿ ಮೋಟು ಪೆನ್ಸಿಲನ್ನು ಚಾಪೆಯ ಕೆಳಗೆ ಬಚ್ಚಿಟ್ಟಳು.

ಬೆಳಗ್ಗೆ ಅವ್ವ ಅವಳ ಕೈಗೆ ರೊಟ್ಟಿ ಬುತ್ತಿ ಕೊಟ್ಟು ಶೆಡ್ಡಿಗೆ ಕಳಿಸಿದಳು. ಶೆಡ್ಡು ಇನ್ನೂ ನೂರು ಮಾರು ದೂರ ಇರುವಾಗಲೇ ಅಣ್ಣನ ದನಿ ಕೇಳಿಸಿತು.

"ಎಂಜಿನ್ ಮುಂದೆ ನಿಲ್ಲಿಸಿ ಕೇಳುದ್ರು, ಎಲ್ಲಾ ಯೋಳ್ದೆ. ಕಣ್ಣು ನೋಡುದ್ರು, ಸರೀಗದೆ ಅಂದ್ರು. ಆಮ್ಯಾಲೆ ಆ ಸಾಹೇಬ್ರು ಅರ್ಜಿ ತೆಗೆದು, ಎಲ್ಲಪ್ಪಾ ನಿನ್ನ ಬಿ.ಎ. ಸರ್ಟಿಫಿಕೇಟು ಅಂದ್ರು. ನಾನು ಬಿ.ಎ. ಓದಿಲ್ಲ ಅಂದೆ. ಮತ್ಯಾಕೆ ಬರ್ದಿದ್ದೀಯ ಅಂದ್ರು. ನಾವು ಬಿ.ಎ. ಕೇಳೇ ಇಲ್ವಲ್ಲ, ಕೇಳದೆ ಇರೋದಕ್ಕೂ ಸುಳ್ಳು ಯೋಳೋನು, ಇಪ್ಪತ್ತು ಜನರ ಕೂರಿಸ್ಕಂಡು ಮ್ಯಾಲಕ್ಕೆ ಓದಾಗ ಎಣ್ಣೆ ಎಷ್ಟದೆ ಅಂದ್ರೆ ನಿಜ ಯೋಳ್ತೀಯಾ ಅಂದ್ರು! ಅರ್ಜಿ ವಾಪಸ್ ಕೊಟ್ಟು ಕಳ್ಸುದ್ರು!"

"ಅದಕ್ಕೆ ನನ್ನ ಮ್ಯಾಲೆ ಯಾಕೆ ಕೂಗ್ತೀಯಾ?" ಅದು ಶಫೀವುಲ್ಲಾ. ಅಷ್ಟರಲ್ಲಿ ಪುಟ್ಟಿ ಶೆಡ್ಡಿನ ಬಾಗಿಲಿಗೆ ಬಂದಿದ್ದಳು.

"ಅರ್ಜಿ ತುಂಬಿದ್ಯಾರು? ನಾನಾ, ನೀನಾ? ದೊಡ್ಡ ಅಕ್ಷರಗಾರ! ಎರಡಕ್ಷರ ಎಚ್ಗೆ ಹಾಕುದ್ರೆ ಚೆಂದ ಅನ್ನುಸ್ತೇನೋ!"

"ನಾನು ಬರದ್ನಾ?" ಶಫೀವುಲ್ಲಾನ ಮುಖ ಕಪ್ಪಿಟ್ಟಿತು. "ಖುದಾಣೆ, ನಿಂಗೆ ನಾನು ಹಿಂಗ್ ಮಾಡ್ತೀನಾ? ಸರಿ ಬುಡಪ್ಪ. ನಾಳೆಯಿಂದ ನಾನು ಬೇರೆ ಶೆಡ್ಡು ನೋಡ್ಕತೀನಿ." ಅವನು ತನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಆರಿಸಿ ಗೋಣಿಚೀಲಕ್ಕೆ ಹಾಕತೊಡಗಿದ. ಠಣ್. ಠಣ್.

ಪುಟ್ಟಿ ಓಡಿ ಬಂದು ಇಬ್ಬರ ನಡುವೆ ನಿಂತಳು.

"ಅಣ್ಣ, ಶಫಿಯಣ್ಣ ಬರೀಲಿಲ್ಲ! ಮದ್ದೂರತ್ರ ರೈಲಿಗೆ ಕಳ್ಳರು ನುಗ್ಗಿದ್ರಂತೆ. ಇಪ್ಪತ್ತು ಜನ! ಅಲ್ಲ, ನಲವತ್ತು! ಅಂಚೆ ಚೀಲ ಎಲ್ಲಾ ಬಗೆದಾಕ್ಬುಟ್ರಂತೆ. ಅದ್ರಲ್ಲಿ ಒಬ್ಬ ಕುಳ್ಳ, ಇಷ್ಟುದ್ದ ಮೀಸೆ, ಪೆನ್ಸಿಲ್ ನೆಕ್ಕಿ ನೆಕ್ಕಿ ಸಿಕ್ಕಸಿಕ್ಕ ಅರ್ಜಿಗೆಲ್ಲ ಬಿ.ಎ. ಬರೆದ್ನಂತೆ!"

ಸ್ಪ್ಯಾನರಿನ ಸದ್ದು ನಿಂತಿತು.

ಕೆಂಪಸಿದ್ದಯ್ಯ ಜೇಬಿನಿಂದ ಅರ್ಜಿ ತೆಗೆದು ನಿಧಾನವಾಗಿ ಬಿಡಿಸಿದ. ಸಿಟ್ಟಿನಲ್ಲಿ ಅವನೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಹೆಸರೆಲ್ಲ ನೀಲಿ ಶಾಯಿ. ಕೊನೆಯ ಎರಡಕ್ಷರ ಮಾತ್ರ ನೇರಳೆ.

"ಪೆನ್ಸಿಲಲ್ಲಿ ಬರ್ದವ್ರೆ ಅಂತ ನಿಂಗ್ಯಾರಮ್ಮಿ ಯೋಳಿದ್ದು?" ಅಂದ.

ಪುಟ್ಟಿಯ ಬಾಯಲ್ಲಿ ಇನ್ನೂ ನಲವತ್ತು ಕಳ್ಳರು ಇದ್ದರು. ಒಬ್ಬನೂ ಈಚೆಗೆ ಬರಲಿಲ್ಲ.

"ನಾನೇ ಬರದೆ," ಅಂದಳು.

ಕೆಂಪಸಿದ್ದಯ್ಯ ಕೈ ಎತ್ತಿದ. ಪುಟ್ಟಿ ಕಣ್ಣು ಮುಚ್ಚಿಕೊಂಡಳು. ಏಟು ಬಿದ್ದದ್ದು ಬಸ್ಸಿನ ಬಾನೆಟ್ಟಿನ ಮೇಲೆ. ಅದರ ಮೇಲಿದ್ದ ಡಬ್ಬಿ ಉರುಳಿ ನಟ್ಟು ಬೋಲ್ಟುಗಳೆಲ್ಲ ನೆಲದ ಪಾಲಾದವು.

"ಮೂರು ವರ್ಸ ಕಣಮ್ಮಿ!" ಅಂದ. "ಮೂರು ವರ್ಸ ರೆಕ್ಕೆ ಕೆಳಗೆ ಅಂಗಾತ ಬಿದ್ದಿದ್ದೆ. ನಾನು ರಿಪೇರಿ ಮಾಡ್ದೆ, ಬ್ಯಾರೆಯೋರು ಹಾರುದ್ರು. ಒಂದ್ಸಲ, ಒಂದೇ ಒಂದ್ಸಲ ನಾನೂ ಕೂತ್ಕಬೇಕು ಅಂತಿದ್ದೆ."

ಈ ಮಾತನ್ನು ಅಣ್ಣ ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ.

"ಶಫಿ..." ಅಂದ ಕೆಂಪಸಿದ್ದಯ್ಯ ತಲೆ ಎತ್ತದೆ.

"ನೀನು ಸುಮ್ಕಿರು. ನಿನ್ನ ಜೊತೆ ಆಮ್ಯಾಲೆ ಜಗಳ ಆಡ್ತೀನಿ, ಒಂದ್ ವಾರ ಆಡ್ತೀನಿ." ಶಫೀವುಲ್ಲಾ ಗೋಡೆಯ ಗೂಡಿನಿಂದ ಒಂದು ಹಾಳೆ, ತನ್ನ ಪೆನ್ನು ತಂದು ಮರದ ಪೆಟ್ಟಿಗೆಯ ಮೇಲಿಟ್ಟ. "ಆ ಸಾಹೇಬ್ರು ಬೆಂಗಳೂರಲ್ಲಿ ಎಷ್ಟು ದಿನ ಇರ್ತಾರೆ?"

"ನಾಳೆಗಂಟ ಇರ್ತೀವಿ ಅಂತಿದ್ರು."

"ಮಧ್ಯಾಹ್ನದ ರೈಲಿಗೆ ಇಬ್ರೂ ಓಗುವ. ನಡೆದಿದ್ದೆಲ್ಲ ಆ ಸಾಹೇಬ್ರಿಗೆ ಬರಿಯಮ್ಮ ಪುಟ್ಟಿ. ಕನ್ನಡದಲ್ಲೇ ಬರಿ. ಕೆಳಗೆ ನಾನು ಇಂಗ್ಲಿಷ್ ಮಾಡ್ತೀನಿ."

ಪುಟ್ಟಿ ಮಂಡಿಯೂರಿ ಕೂತಳು. ಬರೆದಳು. ಕೆಂಪಸಿದ್ದಯ್ಯ ಹಿಂದೆ ನಿಂತು ಓದಿದ.

"ಸಾವಿರ ಜನ ನಕ್ಕರು," ಅಂತ ಓದಿ, "ಎಷ್ಟು ಜನ ಅವ್ರೆ ನಿಮ್ಮ ಕ್ಲಾಸಲ್ಲಿ?" ಅಂದ.

"ಮೂವತ್ತೊಂದು."

"ಎಲ್ಲಾರೂ ನಕ್ರಾ?"

ಪುಟ್ಟಿ ನೆನಪು ಮಾಡಿಕೊಂಡಳು. ಮೂಲೆಯ ಬೆಂಚಿನ ಸುರಯ್ಯಾ ನಕ್ಕಿರಲಿಲ್ಲ. ಜ್ವರ ಅಂತ ಇಬ್ಬರು ಬಂದೇ ಇರಲಿಲ್ಲ. ತಾನಂತೂ ನಕ್ಕಿರಲಿಲ್ಲ. ಸಾವಿರ ಹೊಡೆದು ಹಾಕಿ ಇಪ್ಪತ್ತೇಳು ಅಂತ ಬರೆದಳು. ಬರೆದ ಮೇಲೆ ಅದು ತೀರಾ ಚಿಕ್ಕದಾಗಿ ಕಂಡಿತು.

ಆಮೇಲಿನ ಸಾಲುಗಳು ಬೇಗ ಮುಗಿದವು. ಲಾಯರ ಬೋರ್ಡು ನೋಡಿ ಬಿ.ಎ. ಬರೆದವಳು ನಾನು. ನಮ್ಮಣ್ಣನಿಗೆ ಗೊತ್ತಿರಲಿಲ್ಲ. ಶಫಿಯಣ್ಣನಿಗೂ ಗೊತ್ತಿರಲಿಲ್ಲ.

"ಈಗ ತಗತಾರಾ ಅಣ್ಣ?"

"ನಂಗೇನು ಗೊತ್ತು?" ಕೆಂಪಸಿದ್ದಯ್ಯನ ಸಿಟ್ಟು ಇಳಿದಿರಲಿಲ್ಲ. ಬಗ್ಗಿ ಬೋಲ್ಟುಗಳನ್ನು ಹೆಕ್ಕಿ ಡಬ್ಬಿಗೆ ಹಾಕುತ್ತಿದ್ದ. ಅತ್ತ ತಿರುಗಿಕೊಂಡೇ ಕೇಳಿದ. "ನನ್ನ ಒಳ್ಳೇದಕ್ಕೆ ಅಂತ ಬರದ್ಯಾ?"

ಹೂಂ ಅನ್ನಬಹುದಾಗಿತ್ತು. ಹೂಂ ಅನ್ನುವುದು ಪುಟ್ಟಿಯ ನಾಲಿಗೆಯ ತುದಿಗೇ ಬಂದಿತ್ತು. ಇಷ್ಟು ದಿನ ಅವಳೂ ಹಾಗೆಯೇ ಅಂದುಕೊಂಡಿದ್ದಳು.

"ಇಲ್ಲ ಕಣಣ್ಣ," ಅಂದಳು. "ನನ್ನ ನೋಡಿ ನಕ್ರಲ್ಲ. ಅದಕ್ಕೆ ಬರದೆ."

ಕೆಂಪಸಿದ್ದಯ್ಯ ಬೋಲ್ಟು ಹೆಕ್ಕುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಬೆಳಗಿನಿಂದ ಆಗಲೇ ಮೊದಲು ನೋಡಿದ್ದು.

"ಅದನ್ನೂ ಬರಿ," ಅಂದ.

ಪುಟ್ಟಿ ಬರೆದಳು.