ತುದಿಯ ಚಾನೆಲ್ಲು

ಕೋಡಿಬೆಟ್ಟು ಬಂದರಿನ ಗೋಪುರದಲ್ಲಿ ಸರ್ವಶ್ರಾವಿ ಎಂಬ ಯಂತ್ರ ಆ ಬೆಳಿಗ್ಗೆಯೂ ಕಡಲನ್ನು ಕೇಳುತ್ತಿತ್ತು. ಹಳೆಯ ರೇಡಿಯೋದಂತೆ ತಿರುಗಿಸುವ ಗುಂಡಿ ಅದಕ್ಕಿರಲಿಲ್ಲ. ಬಂದ ರೇಡಿಯೋ ಅಲೆಯನ್ನು ಸೆಕೆಂಡಿಗೆ ಎರಡು ಕೋಟಿ ಸಲ ಅಳೆದು ಅಂಕಿಯಾಗಿಸುತ್ತಿತ್ತು. ಉಳಿದದ್ದು ಗಣಕದ ಕೆಲಸ. ಎಲ್ಲ ಚಾನೆಲ್ಲುಗಳನ್ನೂ ಒಟ್ಟಿಗೇ ಕೇಳುವ ಯಂತ್ರವೆಂದು ಮೀನುಗಾರಿಕೆ ಇಲಾಖೆ ಬೋರ್ಡು ಹಾಕಿತ್ತು. ಒಂದು ತಿಂಗಳು ದನಿ ಕೇಳಿಸದ ದೋಣಿ ಕಡಲಿಗೇ ಇಳಿದಿಲ್ಲವೆಂದು ಪರವಾನಗಿ ರದ್ದುಮಾಡುವ ಅಧಿಕಾರವನ್ನೂ ಅದಕ್ಕೇ ಕೊಟ್ಟಿತ್ತು.

ಕನಕ ಖಾರ್ವಿ ರದ್ದಿನ ಕಾಗದ ಹಿಡಿದು, ಮೀನಿನ ಬುಟ್ಟಿಯನ್ನು ಹೊರಗಿಟ್ಟು, ಮೆಟ್ಟಿಲು ಹತ್ತಿದಳು. ಯಂತ್ರ ರೂಪಿಸಿದ ವಿಜ್ಞಾನಿ ವಾದಿರಾಜ ಅಡಿಗರು ಮೇಲೆ ಕುಳಿತಿದ್ದರು.

“ಅಡಿಗ್ರೆ, ನಮ್ಮನಿಯವ್ರ್ ದಿನಾ ಕಡ್ಲಿಗೆ ಹೋತ್ರ್. ಹೋಯ್ಲೇ ಇಲ್ಲೆ ಅಂದೇಳಿ ಬರದಿತ್ತಲೆ. ಹಂಗಾರೆ ನಾ ಮಾರೂ ಮೀನು ಮರದಗೆ ಬಿಡ್ತಾ?”

“ಯಾವ ಚಾನೆಲ್ಲಗೆ ಮಾತಾಡ್ತ್ರ್, ಕನಕಕ್ಕ?”

“ಕಡೀದ್ರಗೆ. ನಾಡದೋಣಿಯವ್ರದ್ದ್ ಯಾವತ್ತೂ ಕಡೀದೇ.”

ಅದು ಅಜ್ಜಂದಿರ ಕಾಲದ ರೂಢಿ. ಟ್ರಾಲರಿನವರು ನಡುವಿನ ಚಾನೆಲ್ಲುಗಳನ್ನು ಹಿಡಿದು ಕೂಗಾಡುತ್ತಿದ್ದರಿಂದ ಸಣ್ಣವರು ತುದಿಗೆ ಸರಿದಿದ್ದರು. ದಡಕ್ಕೆ ತಿರುಗುವಾಗ ಯಾವ ಮೀನು, ಎಷ್ಟು ಬುಟ್ಟಿ ಎಂದು ಅಲ್ಲಿಂದಲೇ ಹೇಳುತ್ತಿದ್ದರು. ದಡದ ಹೆಂಗಸರು ಮಂಜುಗಡ್ಡೆ ಹೊಂದಿಸುತ್ತಿದ್ದರು.

ಅಡಿಗರು ಕನ್ನಡಕ ತೆಗೆದು ವಿವರಿಸಿದರು. ಎರಡು ಕೋಟಿ ಸಲ ಅಳೆದರೆ ಎರಡು ಕೋಟಿ ಹರ್ಟ್ಸ್ ಅಗಲದ ತರಂಗಪಟ್ಟಿ ಸಿಗುತ್ತದೆ, ಲೆಕ್ಕಕ್ಕೆ. ಆದರೆ ಪಟ್ಟಿಯ ಹೊರಗಿನ ಅಲೆ ಒಳಗೆ ಮಡಚಿ ಬೀಳದಂತೆ ಸೋಸುವ ಜಾಲರಿಯೊಂದಿದೆ. ಅದು ಎರಡೂ ಅಂಚುಗಳಲ್ಲಿ ಇಳಿಜಾರಾಗಿ ಸದ್ದನ್ನು ನುಂಗುತ್ತದೆ. ಬಳಕೆಗೆ ಸಿಗುವುದು ನಡುವಿನ ಒಂದು ಕೋಟಿ ಅರುವತ್ತು ಲಕ್ಷ ಮಾತ್ರ. ಕಡೆಯ ಚಾನೆಲ್ಲು ಇರುವುದು ಅದರಾಚೆ, ಮೇಲಿನ ಅಂಚಿನಲ್ಲಿ.

“ಇದ್ ನಿಮ್ಗೆ ಮೊದ್ಲೇ ಗೊತ್ತಿತ್ತಾ?”

“ಕೈಪಿಡಿಯಗೆ ಬರ್ದಿದ್ದೆ.”

“ನಮ್ಮ ಬಲೆಯ ತುದಿಗೂ ಮೀನು ಬೀಳೂದಿಲ್ಲೆ. ಹಂಗಂದೇಳಿ ಅಲ್ಲಿ ಕಡ್ಲೇ ಇಲ್ಲೆ ಅಂತ್ವಾ ನಾವು? ಕೇಳದ್ದು ನಿಮ್ಮ ಯಂತ್ರದ ಕೆಮಿ. ರದ್ದಾದ್ದು ನಮ್ಮ ದೋಣಿ. ರದ್ದ್ ತೆಗೂಕೆ ಕಡ್ಲಗೆ ನಮ್ಮನ್ ಕಂಡವ್ರ ಸಹಿ ತನ್ನಿ ಅಂತ್ರ್ ಇಲಾಖೆಯವ್ರ್, ಅದೂ ಪರವಾನಗಿ ಇದ್ದವ್ರದ್ದ್. ನಾಡದೋಣಿ ಎಲ್ಲ ರದ್ದಾಯ್ತ್. ಇಲಾಖೆಯ ಗಸ್ತು ದೋಣಿಯವ್ರ್ ದಿನಾ ನಮ್ಮನ್ ಕಾಣ್ತ್ರ್, ಕೇಂಡ್ರೆ ‘ನಮ್ ಕೆಲ್ಸ ಅಲ್ಲ’ ಅಂತ್ರ್.”

ಅಳೆಯುವ ವೇಗ ಹೆಚ್ಚಿಸಿದರೆ ಗಣಕಕ್ಕೆ ತಡೆಯಲಾಗದೆ ಮಾತು ತುಂಡಾಗುತ್ತಿತ್ತು. ಅಡಿಗರು ಕೇಳುವ ಪಟ್ಟಿಯ ನಡುಬಿಂದುವನ್ನೇ ಮೇಲಕ್ಕೆ ಸರಿಸಿದರು. ಕಡೆಯ ಚಾನೆಲ್ಲು ಸ್ಪಷ್ಟವಾಯಿತು. ವಾರದೊಳಗೆ ಪರವಾನಗಿಗಳು ಮರಳಿದವು. ಕೆಳಗಿನ ಅಂಚು ಇನ್ನಷ್ಟು ಕಿವುಡಾದುದನ್ನು ಯಾರೂ ನೋಡಲಿಲ್ಲ.

ಆ ಅಂಚಿನಲ್ಲಿದ್ದ ಮೊದಲ ಚಾನೆಲ್ಲು ಇಲಾಖೆಯ ಗಸ್ತು ದೋಣಿಗೆ ಮೀಸಲು. ತಿಂಗಳು ತುಂಬಿದ ದಿನ ಯಂತ್ರ ಆ ದೋಣಿಯ ಪರವಾನಗಿಯನ್ನೂ, ಕಡಲಿಗಿಳಿದಿಲ್ಲವೆಂದು, ರದ್ದುಮಾಡಿತು.

ಮರುದಿನ ಗಸ್ತಿನ ಅಧಿಕಾರಿ ಸಾಕ್ಷಿಯ ನಮೂನೆ ಹಿಡಿದು ಮೀನು ಮಾರುಕಟ್ಟೆಗೆ ಬಂದರು. ಅವರು ತಿರುಗುವ ನೀರಿನಲ್ಲಿದ್ದದ್ದು ಕನಕನ ಗಂಡ ಶಂಕರನ ದೋಣಿಯೊಂದೇ. ಶಂಕರ ಹೆಂಡತಿಯ ಮುಖ ನೋಡಿದ.

“ನಮ್ ಕೆಲ್ಸ ಅಲ್ಲ ಅಂದೇಳೂಕೆ ನಮ್ಗೂ ಬತ್ತ್, ಸಾಯ್ಬ್ರೆ,” ಎಂದಳು ಕನಕ.

ಅವಳು ಸೆರಗಿಗೆ ಕೈ ಒರೆಸಿಕೊಂಡು, ನಮೂನೆಯನ್ನು ಗಂಡನ ಮುಂದೆ ಹಿಡಿದಳು.

“ಸಹಿ ಹಾಕಿ. ಕಂಡದ್ದನ್ ಕಂಡಿತ್ ಅಂದೇಳೂಕೆ ಯಂತ್ರ ಎಂತಕೆ?”