ಎಳೆಗೆ ಹೊಡೆದ ಮೊಳೆ

"ಕಲ್ಲು ಒಡೀರಿ, ಬೇಡ ಅನ್ನಲ್ಲ. ನಾಲಿಗೆ ಮಾತ್ರ ಮುಟ್ಟಿಸ್ಬೇಡಿ ಸಾರ್."

ಗಣಿಯ ಸುರಂಗ ಕಾಯುವ ಹೆಂಗಸು ಹೀಗೆಂದಾಗ ಭೂವಿಜ್ಞಾನಿಗೆ ನಗು ತಡೆಯಲಾಗಲಿಲ್ಲ. ಒಡೆದ ಕಲ್ಲನ್ನು ನೆಕ್ಕಿ ನೋಡುವುದು ಅವನ ಕಸುಬಿನವರ ಹಳೆಯ ಚಾಳಿ. ಒದ್ದೆಯಾದರೆ ಚಿನ್ನದ ಕಣ ಎದ್ದು ಕಾಣುತ್ತದೆ.

"ಯಾಕಮ್ಮ, ಕಲ್ಲಿಗೆ ವಿಷ ಹಾಕಿದ್ದೀರಾ?"

"ನಮ್ಮತ್ತೆ ಮಾಟ ಮಾಡಿದ್ದಾರೆ." ಅವಳ ದನಿಯಲ್ಲಿ ಭಯಕ್ಕಿಂತ ಸಿಟ್ಟೇ ಹೆಚ್ಚಿತ್ತು. "ಹಿಂದೆ ನಿಮ್ಮಂಥೋರೇ ಒಬ್ರು ಒಳಗೆ ಕಾಲಿಡದೆ ಚಾವಣಿ ಗಟ್ಟಿ ಅಂತ ಬರ್ಕೊಟ್ರು. ನಮ್ಮಾವನೂ ಸೇರಿ ಏಳು ಜನ ಬಂಡೆ ಕೆಳಗೆ ಹೋದ್ರು. ಮಾವನ ರಕ್ತ ಮೆತ್ತಿದ ಮೊಳೆನ ಅತ್ತೆ ಒಳಗಿನ ಬಿಳೀ ಕಲ್ಲಿನ ಎಳೆಗೆ ಹೊಡೆದು, ಸುಳ್ಳು ಬರೆಯೋನ ನಾಲಿಗೆ ಕಲ್ಲಾಗ್ಲಿ ಅಂದ್ರು."

ಅವನು ಮೂಗು ಮುರಿದು ಒಳಗೆ ನಡೆದ. ಹೆಗಲ ಚೀಲದಲ್ಲಿ ವರದಿ ಸಹಿ ಸಮೇತ ಸಿದ್ಧವಾಗಿತ್ತು: ಚಾವಣಿ ಗಟ್ಟಿಯಾಗಿದೆ, ಅಪಾಯವಿಲ್ಲ. ಸುರಂಗದ ಮುಖ ನೋಡುವ ಮೊದಲೇ ಕಚೇರಿಯ ಫ್ಯಾನಿನ ಕೆಳಗೆ ಕೂತು ಬರೆದದ್ದು. ಹೊರಗೆ ಗುತ್ತಿಗೆದಾರನ ಹನ್ನೆರಡು ಆಳುಗಳು ಕೆಲಸಕ್ಕೆ ಇಳಿಯಲು ಕಾಯುತ್ತಿದ್ದರು. ಅವರಲ್ಲಿ ಆ ಹೆಂಗಸಿನ ಮಗನೂ ಇದ್ದ. ಕುರ್ಚಿಯಲ್ಲಿ ಕೂತು ಬಂಡೆಯ ಬಲ ಅಳೆಯುವವರಿಗೆ ಬೈಯಲು ಯಾವ ಮಾತು ತಾನೇ ಸಾಲುತ್ತದೆ?

ಒಳಗೆ ಕೊಳೆತ ಮರದ ವಾಸನೆ. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ಹಣೆದೀಪದ ಬೆಳಕಿಗೆ ಗೋಡೆಯಲ್ಲಿ ಗೇಣಗಲದ ಬೆಣಚುಕಲ್ಲಿನ ಎಳೆ ಬೆಳ್ಳಗೆ ಕಂಡಿತು. ಅದರ ಅಂಚಿನಲ್ಲಿ ಬೆಳ್ಳಿ ಅದಿರಿನ ಕಪ್ಪು ಗೆರೆ, ನಡುವೆ ತುಕ್ಕು ಹಿಡಿದ ಒಂದು ಮೊಳೆ.

"ಒಂದು ತುಂಡು ಸಾಕು, ಪರೀಕ್ಷೆಗೆ," ಎಂದು ಗೊಣಗಿ, ಬೇಕೆಂದೇ ಮೊಳೆಯ ಪಕ್ಕಕ್ಕೆ ಸುತ್ತಿಗೆ ಬೀಸಿದ. ಚೂರು ಕೈಗೆ ಬಂತು. ನೆಕ್ಕಿದ.

ಬಾಯಿ ತುಂಬ ರಕ್ತದ ರುಚಿ.

ಉಗುಳಿದ. ರುಚಿ ಹೋಗಲಿಲ್ಲ. ತಲೆಯ ಮೇಲೆ ಏನೋ ಲಟಕ್ಕೆಂದಿತು. ಸುತ್ತಿಗೆಯಿಂದ ಚಾವಣಿ ತಟ್ಟಿದ. ಡಬ್. ಪೊಳ್ಳು. ಇನ್ನೊಂದು ಕಡೆ ತಟ್ಟಿದ. ಡಬ್. ಬಿರುಕಿನಿಂದ ಮಣ್ಣು ಉದುರಿತು. ನಾಲಿಗೆ ತಣ್ಣಗಾಯಿತು. ಮರಗಟ್ಟಿತು. ಹಲ್ಲಿಗೆ ತಾಗಿ ಟಣ್ ಎಂದಿತು. ಅವನು ಓಡಿದ.

ಹೊರಗೆ ಬಂದವನ ಚೀಲದಿಂದ ಗುತ್ತಿಗೆದಾರ ವರದಿ ಎಳೆದುಕೊಂಡು ಎಲ್ಲರಿಗೂ ಕೇಳುವಂತೆ ಓದಿದ. "ಗಟ್ಟಿಯಾಗಿದೆಯಂತೆ. ನಡೀರಿ ಒಳಗೆ!"

ಸುಳ್ಳು, ನಾನು ಬರೆದದ್ದು ಸುಳ್ಳು ಎಂದು ಭೂವಿಜ್ಞಾನಿ ಕಿರುಚಲು ಹೋದ. ಗಂಟಲಿನಿಂದ ಬರೀ ಗೊರಗೊರ ಬಂತು. ಕೈ ಅಡ್ಡ ಚಾಚಿ ಸುರಂಗದ ಬಾಯಲ್ಲಿ ನಿಂತ.

"ಧೂಳು ಕುಡಿದಿದ್ದಾರೆ, ಅಷ್ಟೆ," ಎಂದ ಗುತ್ತಿಗೆದಾರ. ಆಳುಗಳು ಗುದ್ದಲಿ ಎತ್ತಿಕೊಂಡರು.

ಕಾವಲಿನ ಹೆಂಗಸು ಮಗನ ರಟ್ಟೆ ಹಿಡಿದು ನಿಲ್ಲಿಸಿದಳು. "ಬಾಯಿ ತೆಗೀರಿ ಸಾರ್. ಎಲ್ರೂ ನೋಡ್ಲಿ."

ಅವನು ನಾಚಿಕೆ ಬಿಟ್ಟು ಬಾಯಿ ತೆರೆದ. ನಾಲಿಗೆಯ ಉದ್ದಕ್ಕೂ ಬಿಳಿ ಕಲ್ಲು, ಅಂಚಿಗೆ ಕಪ್ಪು ಗೆರೆ, ನಡುವೆ ಬಿಸಿಲಿಗೆ ಹೊಳೆಯುವ ಚಿನ್ನದ ಕಣಗಳು. ಒಬ್ಬ ಗುದ್ದಲಿ ಬಿಸಾಕಿ ಓಡಿದ. ಉಳಿದವರೂ ಎದ್ದುಬಿದ್ದು ಓಡಿದರು. ಬೆನ್ನ ಹಿಂದೆ, ಸುರಂಗದ ಒಡಲಲ್ಲಿ, ಚಾವಣಿ ಗುಡುಗುಡು ಕುಸಿಯಿತು. ಹನ್ನೆರಡು ಜೀವ ಉಳಿದವು.

ಗುತ್ತಿಗೆದಾರ ಮಾತ್ರ ಓಡಲಿಲ್ಲ. ಹತ್ತಿರ ಬಂದು, ತೆರೆದ ಬಾಯೊಳಗೆ ಬಗ್ಗಿ ನೋಡಿದ. ಕಣ್ಣು ಕದಲಿಸದೆ ಭೂವಿಜ್ಞಾನಿಯ ಕೈಯಿಂದ ಸುತ್ತಿಗೆ ಬಿಡಿಸಿಕೊಂಡ.

"ಅಲ್ಲಾಡ್ಬೇಡಿ ಸಾರ್. ಒಂದು ತುಂಡು ಸಾಕು, ಪರೀಕ್ಷೆಗೆ."