ದಂಡದ ಡಬ್ಬಿ

"ಈ ತಿಂಗಳು ದಂಡ ಎಷ್ಟು ರೀ?"

"ಸೊನ್ನೆ," ಎಂದ ಗೌರೀಶ, ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸುತ್ತ. ಒಂದು ನಾಣ್ಯವೂ ಬೀಳಲಿಲ್ಲ.

ರುದ್ರಾಣಿ ಪೆನ್ನು ಹಿಡಿದೇ ಕೂತಳು. ಸೊನ್ನೆ ಬರೆಯಲು ಕೈ ಬರಲಿಲ್ಲ.

ಚಾಮರಾಜಪೇಟೆಯ ಆ ಮಹಡಿ ಮನೆಯಲ್ಲಿ ತಿಂಗಳ ಮೊದಲ ಭಾನುವಾರ, ತಿಂಡಿ ಆದ ಮೇಲೆ, ಗಂಡ ಹೆಂಡತಿ ಚಾಪೆ ಹಾಸಿ ಲೆಕ್ಕಕ್ಕೆ ಕೂರುತ್ತಾರೆ. ಆ ಒಂದು ಗಂಟೆ ಮಗಳು ಶಿವಾನಿಯನ್ನು ಕೆಳಗಿನ ಮನೆಯ ಜಾನಕಮ್ಮ ನೋಡಿಕೊಳ್ಳುತ್ತಾರೆ. ಶಿವಾನಿ ಏಳನೇ ತಿಂಗಳಿಗೇ ಹುಟ್ಟಿ ನಲವತ್ತು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸು. ಅವಳನ್ನು ಉಳಿಸಿಕೊಳ್ಳಲು ಮಾಡಿದ ಸಾಲ ಮೂರು ಲಕ್ಷ ಇಪ್ಪತ್ತು ಸಾವಿರ. ಕೂಸು ಬೇಗ ಮೈ ತುಂಬಿಕೊಂಡಿತು. ಸಾಲ ಅಷ್ಟು ಬೇಗ ಕರಗಲಿಲ್ಲ.

ಸಾಲದ ಜೊತೆ ಜಗಳವೂ ಮನೆಗೆ ಬಂತು. ರುದ್ರಾಣಿಗೆ ಹೆಸರಿಟ್ಟವರು ಯೋಚಿಸಿಯೇ ಇಟ್ಟಿದ್ದರು. ಅವಳು ಬಾಯಿ ತೆಗೆದರೆ ಬೀದಿ ಕೊನೆಯ ಹೂವಿನವಳಿಗೂ ಕೇಳುತ್ತಿತ್ತು. ಆಗ ಗೌರೀಶ ಮಗುವಿನ ಹಾಲಿನ ಪುಡಿಯ ಖಾಲಿ ಡಬ್ಬಿ ತಂದು ಮಧ್ಯೆ ಇಟ್ಟ. ಕೂಗಿದರೆ ಹತ್ತು ರೂಪಾಯಿ. ಒಬ್ಬರ ಅಪ್ಪ ಅಮ್ಮನನ್ನು ಇನ್ನೊಬ್ಬರು ಜಗಳಕ್ಕೆ ಎಳೆದು ತಂದರೆ ಐವತ್ತು.

ಮೊದಲ ತಿಂಗಳು ನಾನೂರ ಇಪ್ಪತ್ತು ಬಿತ್ತು. ಅದರಲ್ಲಿ ಮುನ್ನೂರ ಎಂಬತ್ತು ಅವಳದೇ. "ನೋಡಿ, ನನ್ನ ಬಾಯಿಂದ ಕರೆಂಟ್ ಬಿಲ್ ಕಟ್ಟಿದೀವಿ," ಎಂದು ಅವಳು ಬೀಗಿದ್ದಳು. ಅವನು ಅವಳ ಮೂಗು ಹಿಂಡಿದ್ದ. "ಇನ್ನೂ ಸ್ವಲ್ಪ ಕೂಗು ಕಣೇ ರುದ್ರಿ, ಗ್ಯಾಸೂ ಬಂದ್ಬಿಡ್ಲಿ."

ಆಮೇಲೆ ದಂಡ ಇಳಿಯುತ್ತ ಬಂತು. ಇನ್ನೂರು. ತೊಂಬತ್ತು. ಮೂವತ್ತು. ಸಾಲವೂ ಇಳಿದು ಈ ಅಕ್ಟೋಬರಿಗೆ ಅರವತ್ತನಾಲ್ಕು ಸಾವಿರಕ್ಕೆ ನಿಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಸಿಹಿ ಹಂಚುತ್ತಿದ್ದರು.

ರುದ್ರಾಣಿಗೆ ಮಾತ್ರ ಖುಷಿಯಾಗಲಿಲ್ಲ. ಜಗಳ ನಿಂತದ್ದು ಪ್ರೀತಿ ಉಕ್ಕಿ ಅಲ್ಲ, ಮಾತೇ ನಿಂತುಹೋಗಿ. ಗೌರೀಶ ಹಗಲೆಲ್ಲ ತರಗುಪೇಟೆಯ ಬೇಳೆ ಮಂಡಿಯಲ್ಲಿ ಬಿಲ್ಲು ಬರೆಯುತ್ತಾನೆ. ಸಂಜೆ ಆರಕ್ಕೆ ಕಾಟನ್‌ಪೇಟೆಯಲ್ಲಿ ಪಾರ್ಸಲ್ ಹೇರಿಕೊಂಡು ಸ್ಕೂಟರ್ ಹತ್ತುತ್ತಾನೆ. ಅವನು ಮನೆ ಸೇರುವಾಗ ಅವಳು ಯಾರದೋ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಲೇ ನಿದ್ದೆ ಹೋಗಿರುತ್ತಾಳೆ. ಒಂದೇ ಹಾಸಿಗೆ, ಎರಡು ಪಾಳಿ.

ಕೆಣಕಿ ನೋಡೋಣ ಎಂದುಕೊಂಡಳು.

"ಪೆಟ್ರೋಲ್ ಖರ್ಚು ಜಾಸ್ತಿ ಆಗಿದೆ. ಊರೆಲ್ಲಾ ಸುತ್ತುತೀರಾ?"

"ಸರಿ, ಕಮ್ಮಿ ಮಾಡ್ತೀನಿ."

"ಕಾಫಿಪುಡಿ ಅರ್ಧ ಕೇಜಿ ಯಾಕ್ ತಂದ್ರಿ?"

"ನೀನು ಹೇಳಿದ್ದು ಸರಿ."

"ನಿಮ್ಮಮ್ಮ ಕಳಿಸಿರೋ ಉಪ್ಪಿನಕಾಯಿಗೆ ಉಪ್ಪೇ ಇಲ್ಲ!"

ಐವತ್ತು ರೂಪಾಯಿಯ ಮಾತು. ಗೌರೀಶ "ಹೌದಾ," ಎಂದು ಫೋನ್ ಕೈಗೆತ್ತಿಕೊಂಡ. ದಂಡವನ್ನೂ ಕೇಳಲಿಲ್ಲ.

ರುದ್ರಾಣಿ ಎದ್ದಳು. ಕುಚ್ಚಿನ ದುಡ್ಡಿನಿಂದ ನೂರರದ್ದೊಂದು, ಐವತ್ತರದ್ದೊಂದು ನೋಟು ತಂದು ಡಬ್ಬಿಗೆ ಹಾಕಿದಳು.

"ಐವತ್ತು ಉಪ್ಪಿನಕಾಯಿಗೆ. ನೂರು ಅಡ್ವಾನ್ಸ್."

"ಯಾವುದಕ್ಕೆ?"

"ಹತ್ತು ಸಲ ಕೂಗೋಕೆ. ಫೋನ್ ಕೆಳಗಿಡಿ."

ಅವನ ತುಟಿಯ ಎಡಮೂಲೆ ಅಲುಗಿತು. ಹೆಣ್ಣು ನೋಡಲು ಬಂದ ದಿನ ದೊಡ್ಡವರೆಲ್ಲ ಗಂಭೀರವಾಗಿ ಮಾತಾಡುವಾಗ, ಅವನು ಕೇಸರಿಬಾತ್ ತಟ್ಟೆಯ ಮೇಲಿಂದ ಕದ್ದು ನೋಡಿದಾಗ ಅದೇ ಮೂಲೆ ಹೀಗೇ ಅಲುಗಿತ್ತು. ಅವಳು ಒಪ್ಪಿದ್ದು ಅದನ್ನು ನೋಡಿ. ಸಂಬಳ ಎಷ್ಟೆಂದು ಕೇಳಿರಲೂ ಇಲ್ಲ.

"ಒಂದು! ನಿಮ್ಮ ಮುಖ ಸರಿಯಾಗಿ ನೋಡಿ ತಿಂಗಳಾಯ್ತು! ಎರಡು! ಗಡ್ಡದಲ್ಲಿ ಬಿಳಿ ಕೂದಲು ಬಂದಿದೆ, ಯಾವತ್ತು ಬಂತು ಅಂತ ನಂಗೇ ಗೊತ್ತಿಲ್ಲ! ಮೂರು! ಏನ್ ಹೇಳಿದ್ರೂ ಸರಿ ಸರಿ ಅಂತೀರಲ್ಲ, ನಾನೇನ್ ನಿಮ್ಮ ಮಂಡಿ ಸಾಹುಕಾರನಾ?"

ಕೆಳಗಿನಿಂದ ಜಾನಕಮ್ಮನ ದನಿ ಬಂತು. "ಏನಮ್ಮಾ ರುದ್ರಾಣಿ, ಏನಾಯ್ತೇ?"

"ಏನಿಲ್ಲ ಆಂಟೀ! ಲೆಕ್ಕ ಬರೀತಿದೀವಿ!"

"ಇದು ನಾಲ್ಕಾ?" ಎಂದ ಗೌರೀಶ ಮೆಲ್ಲಗೆ.

"ಇದು ಲೆಕ್ಕಕ್ಕಿಲ್ಲ. ನಾಲ್ಕು..." ಅವಳು ಮತ್ತೆ ಚಾಪೆಯ ಮೇಲೆ ಕೂತಳು. "ನಾನು ನಿಮಗೆ ಬೇಡ ಆಗ್ಬಿಟ್ನಾ?"

ದಂಡ ಹಾಕಲೂ ಆಗದಷ್ಟು ಸಣ್ಣ ದನಿ.

ಗೌರೀಶನ ನಗು ಆರಿತು. ಚಾಪೆಯ ಒಂದು ಎಳೆ ಕಿತ್ತ.

"ಮೇ ತಿಂಗಳಲ್ಲಿ ಒಂದು ಕಂತು ತಪ್ತಲ್ಲ, ಆವತ್ತು ನೀನು ಒಂದ್ ಮಾತು ಅಂದೆ. 'ಹೆಂಡ್ತಿ ಮಕ್ಕಳನ್ನ ಸಾಕೋ ಯೋಗ್ಯತೆ ಇಲ್ಲ ನಿಮಗೆ' ಅಂತ. ಹತ್ತು ರೂಪಾಯಿ ಹಾಕ್ದೆ, ಮರೆತೆ. ನಂಗೆ ಮರೆಯೋಕಾಗ್ಲಿಲ್ಲ ಕಣೇ. ಮಾರನೇ ದಿನವೇ ಪಾರ್ಸಲ್ ಕೆಲ್ಸ ಹಿಡಿದೆ. ಸಾಲ ಪೂರ್ತಿ ತೀರಿಸಿ ಆಮೇಲೆ ಬಾಯಿ ತೆಗೀಬೇಕು ಅಂದ್ಕೊಂಡೆ."

ರುದ್ರಾಣಿಗೆ ನಾಣ್ಯ ಡಬ್ಬಿಗೆ ಬಿದ್ದ ಸದ್ದು ನೆನಪಿತ್ತು. ಆಡಿದ ಮಾತು ನೆನಪಿರಲಿಲ್ಲ. ಅವನ ಪಕ್ಕಕ್ಕೆ ಸರಿದು ಭುಜಕ್ಕೆ ಹಣೆ ಒತ್ತಿದಳು. ಒಗೆದ ಅಂಗಿಯಲ್ಲೂ ತೊಗರಿಬೇಳೆಯ ಧೂಳಿನ ವಾಸನೆ ಉಳಿದಿತ್ತು. ಎಷ್ಟು ದಿನವಾಗಿತ್ತು ಇದನ್ನು ಮೂಸಿ!

"ಒಂದೂಕಾಲು ಕೇಜಿ ಕೂಸಿಗೆ ಮೈ ಶಾಖ ಸಿಗ್ಲಿ ಅಂತ ಎದೆ ಮೇಲೆ ಹಾಕ್ಕೊಂಡು ದಿನಾ ಮೂರು ಗಂಟೆ ಅಲುಗಾಡದೆ ಕೂತೋರು ನೀವು. ನಾನು ಅಳ್ತಾ ಮಲಗಿದ್ದೆ. ಇನ್ಯಾವ ಯೋಗ್ಯತೆ ರೀ ಬೇಕು? ಆ ಮಾತಿಗೆ ಹತ್ತು ರೂಪಾಯಿ ಸಾಲ್ದು."

"ಮತ್ತೆಷ್ಟು ಕಟ್ತೀಯ?"

ಅವಳು ಪುಸ್ತಕ ಎಳೆದುಕೊಂಡಳು. 'ಪಾರ್ಸಲ್ ಆದಾಯ ಎಂಟು ಸಾವಿರ' ಎಂದಿದ್ದುದನ್ನು ಹೊಡೆದು ಹಾಕಿ ನಾಲ್ಕು ಸಾವಿರ ಎಂದು ಬರೆದಳು.

"ಮಂಗಳವಾರ, ಗುರುವಾರ, ಶನಿವಾರ ಪಾರ್ಸಲ್. ಉಳಿದ ಸಂಜೆ ಮನೇಲಿರ್ತೀರಿ."

"ಸಂಕ್ರಾಂತಿಗೆ ತೀರೋ ಸಾಲ ಯುಗಾದಿಗೆ ಹೋಗುತ್ತೆ."

"ಹೋಗ್ಲಿ. ಎಳ್ಳುಬೆಲ್ಲ ಸಾಲದಲ್ಲೇ ತಿನ್ನೋಣ, ಹೋಳಿಗೆ ತೀರಿಸಿ ತಿನ್ನೋಣ."

ಗೌರೀಶ ಅವಳನ್ನೇ ನೋಡಿದ. ಕಣ್ಣಿಗೆ ಬಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿದ. ಬೆರಳು ಅಲ್ಲೇ ನಿಂತಿತು.

"ಅಡ್ವಾನ್ಸಲ್ಲಿ ಇನ್ನೂ ಆರು ಕೂಗು ಬಾಕಿ ಇದೆ."

"ಏಳು. ನಾಲ್ಕನೇದು ನಾನು ಕೂಗ್ಲಿಲ್ಲ."

"ಏಳೇ ಇರ್ಲಿ, ಮಾರಾಯ್ತಿ." ಅವನು ತಟ್ಟನೆ ಎದ್ದು ಕಿಟಕಿಗೆ ಹೋದ. ಐದು ತಿಂಗಳಿಂದ ಕಟ್ಟಿಟ್ಟ ದನಿಯೆಲ್ಲ ಒಮ್ಮೆಗೇ ಹೊರಬಂತು. "ಆಂಟೀ! ಶಿವಾನಿ ಇನ್ನೊಂದು ಗಂಟೆ ಅಲ್ಲೇ ಇರ್ಲಿ! ಲೆಕ್ಕ ಮುಗಿದಿಲ್ಲ!"

ಕೆಳಗೆ ಜಾನಕಮ್ಮ ನಕ್ಕದ್ದು ಮೇಲಕ್ಕೂ ಕೇಳಿತು.

"ಕೂಗಿದ್ರಿ," ಎಂದಳು ರುದ್ರಾಣಿ, ಕೈ ಚಾಚಿ. "ಹತ್ತು ರೂಪಾಯಿ."

ಅವನು ಜೇಬೆಲ್ಲ ತಡಕಿ ನಾಣ್ಯ ಹುಡುಕಿದ. ಡಬ್ಬಿ ಠಣ್ ಎಂದಿತು. ಅವಳು ಪೆನ್ನೆತ್ತಿಕೊಂಡು, ಶಾಲೆಯಲ್ಲಿ ಕಾಪಿ ಬರೆಯುತ್ತಿದ್ದಷ್ಟು ದುಂಡಗೆ ಬರೆದಳು: ದಂಡ, ನೂರ ಅರವತ್ತು.